ಟಿಲ್ಲಿ ಬಾಲ ಅಲ್ಲಾಡಿಸಿದ್ದು ಯಾರಿಗೆ

ಕೆಲಸದಲ್ಲಿರುವಾಗ ಟಿಲ್ಲಿ ಬಾಲ ಅಲ್ಲಾಡಿಸುವವಳಲ್ಲ. ಮನೆಯಲ್ಲಿ ಮೈಪಟ್ಟಿ ಬಿಚ್ಚಿದ ಮೇಲೆ ಆ ಬಾಲದಿಂದ ಲೋಟ ಬಸಿಗಳನ್ನು ಕಾಪಾಡಿಕೊಳ್ಳುವುದೇ ಒಂದು ಕೆಲಸ. ಆದರೆ ಪಟ್ಟಿ ಬೆನ್ನಿಗೇರಿತೋ ಮುಗಿಯಿತು, ಟಿಲ್ಲಿಗೆ ನ್ಯಾಯಾಧೀಶರ ಗಾಂಭೀರ್ಯ ಬಂದುಬಿಡುತ್ತದೆ. ಹಾಗಾಗಿ ಸೋಮವಾರ ಬೆಳಿಗ್ಗೆ ಬ್ಯಾಂಕಿನ ಮುಂದೆ ಆ ಬಾಲ ಪಟಪಟನೆ ತನ್ನ ಮೊಣಕಾಲಿಗೆ ಬಡಿದಾಗ ಅರ್ಲೀನ್ ನಡೆಯುತ್ತಿದ್ದವಳು ನಿಂತೇಬಿಟ್ಟಳು.

"ಏನೇ ಇದು? ಯಾರೇ ಅದು?"

ಟಿಲ್ಲಿ ಕಪ್ಪು ಲ್ಯಾಬ್ರಡಾರ್ ನಾಯಿ, ಕಣ್ಣಿಲ್ಲದ ಅರ್ಲೀನಳಿಗೆ ದಾರಿ ತೋರಿಸುವವಳು. ಉತ್ತರ ಕೊಡುವ ಜಾತಿಯಲ್ಲ. ಒಮ್ಮೆ ಕುಂಯ್ ಎಂದಳು, ನಾಚಿಕೊಂಡವಳಂತೆ ಮತ್ತೆ ನಡೆಯತೊಡಗಿದಳು. ಅರ್ಲೀನ್ ಮೈಪಟ್ಟಿಯ ಹಿಡಿಕೆಯನ್ನು ಹಿಡಿದು ಅವಳ ಪಕ್ಕದಲ್ಲೇ ಹೊರಟಳು. ಸುತ್ತ ಮಾಮೂಲು ಸದ್ದುಗಳೇ ಇದ್ದವು: ಬಸ್ಸು, ಬ್ರೆಡ್ಡಿನಂಗಡಿಯ ಬಾಗಿಲ ಗಂಟೆ, ನದಿಯ ಕಡೆಯಿಂದ ದೋಣಿಯೊಂದರ ಕೂಗು. ಗುರುತಿನವರು ಯಾರಾದರೂ ಆಗಿದ್ದರೆ "ಗುಡ್ ಮಾರ್ನಿಂಗ್ ಅರ್ಲೀನ್" ಎಂದು ಬಾಯಿಬಿಡದೆ ಇರುತ್ತಿರಲಿಲ್ಲ. ಓಹಾಯೋ ನದಿ ದಂಡೆಯ ಆ ಸಣ್ಣ ಊರಿನಲ್ಲಿ ಸುಮ್ಮನಿರುವುದು ಯಾರಿಗೂ ಬರುವುದಿಲ್ಲ.

ಅರ್ಲೀನ್ ಪ್ರೂಯಿಟ್‌ಗೆ ಐವತ್ತು ದಾಟಿತ್ತು. ಇಪ್ಪತ್ತರ ಹೊತ್ತಿಗೆ ಕಣ್ಣು ಹೋಗಿತ್ತು. ಆಮೇಲೊಬ್ಬ ಗಂಡ ಬಂದಿದ್ದ, ಅವನು ಹೋಗಿದ್ದು ಕಣ್ಣು ಹೋದಷ್ಟು ಕಷ್ಟವಾಗಲಿಲ್ಲ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಕೌಂಟಿ ಕೋರ್ಟಿನ ಕೆಳಗಿನ ಹಜಾರದಲ್ಲಿ ಅವಳದೊಂದು ಕಾಫಿ ಅಂಗಡಿ. ಸರ್ಕಾರಿ ಕಟ್ಟಡದೊಳಗಿನ ಇಂಥ ಅಂಗಡಿಗಳಲ್ಲಿ ಕಣ್ಣಿಲ್ಲದವರಿಗೆ ಮೊದಲ ಹಕ್ಕು. ವಕೀಲರು, ಗುಮಾಸ್ತರು, ವಿಚ್ಛೇದನಕ್ಕೆ ಬಂದು ಬೇರೆ ಬೇರೆ ಬೆಂಚಿನಲ್ಲಿ ಕೂತ ಗಂಡಹೆಂಡಿರು, ಎಲ್ಲರೂ ಅವಳ ಕಾಫಿಗೆ ಬರಲೇಬೇಕು. ಹಜಾರದ ಬಾಗಿಲಲ್ಲಿ ಕಾವಲಿಗೆ ಓಟಿಸ್ ನಿಂತಿರುತ್ತಿದ್ದ. ಅರವತ್ತು ದಾಟಿದ ದಪ್ಪ ಮನುಷ್ಯ, ಸೊಂಟಕ್ಕೆ ಬೀಗದಕೈಗಳ ಗೊಂಚಲು. ಹನ್ನೊಂದು ವರ್ಷದಿಂದ ಬೆಳಗಿನ ಮೊದಲ ಕಾಫಿ ಅವನದು, ಮೊದಲ ತಮಾಷೆಯೂ ಅವನದೇ.

ಅರ್ಲೀನ್ ಬಾಲದ ಸಂಗತಿ ಹೇಳಿದಾಗ ಓಟಿಸ್ ಗಹಗಹಿಸಿ ನಕ್ಕ.

"ಯಾರೋ ನಿಂಗೆ ಗಂಟುಬಿದ್ದಿದಾನೆ ಕಣೇ! ನಾಯೀನ ಮೊದ್ಲು ಬುಟ್ಟಿಗೆ ಹಾಕ್ಕೊಂಡು ಆಮೇಲೆ ನಿನ್ನ ಹತ್ರ ಬರ್ತಾನೆ, ನೋಡ್ತಾ ಇರು."

"ಬರ್ಲಿ ಬಿಡು. ಬರೋವಾಗ ಬಾಯಿಬಿಟ್ಟು ಮಾತಾಡ್ಕೊಂಡು ಬರ್ಲಿ. ಮೂಗನ ಸಹವಾಸ ನಂಗೆ ಆಗಿಬರಲ್ಲ."

ಹಾಗೆಂದಳೇ ಹೊರತು ಮಂಗಳವಾರ ಹೊರಡುವಾಗ ತುಟಿಗೆ ಬಣ್ಣ ಹಚ್ಚಿಕೊಂಡಳು. ಇದನ್ನು ಕೇಳಿ ನಗುವವರು ನಗಲಿ. ಐವತ್ತು ದಾಟಿದ ಹೆಂಗಸಿನ ಹಿಂದೆ ಯಾರೋ ಸುತ್ತುತ್ತಿದ್ದಾರೆ ಎಂದರೆ ಯಾರು ಎಂದು ತಿಳಿಯುವ ಆಸೆ ಯಾರಿಗಾದರೂ ಹುಟ್ಟದೆ ಇರುತ್ತದೆಯೇ?

ಅಂದು ಬೇಕೆಂದೇ ದಾರಿ ಬದಲಿಸಿದಳು. ಬ್ಯಾಂಕಿನ ಕಡೆ ಹೋಗದೆ ಚರ್ಚಿನ ಗೋಡೆಯ ಪಕ್ಕದಿಂದ ತಿರುಗಿದಳು. ಗೋಡೆ ಮುಗಿಯುವಲ್ಲಿ ಬಾಲ ಮತ್ತೆ ಬಡಿಯಿತು. ಈ ಸಲ ಅವಳು ನಿಲ್ಲಲಿಲ್ಲ, ಕಿವಿಯೊಂದನ್ನೇ ಹಿಂದೆ ಬಿಟ್ಟು ನಡೆದಳು. ರಬ್ಬರ್ ಅಟ್ಟೆಯ ಬೂಟು. ಇವಳು ನಿಧಾನವಾದರೆ ಅದೂ ನಿಧಾನ. ಗಾಳಿ ತಿರುಗಿದಾಗ ಪುದೀನ ಪೆಪ್ಪರಮಿಂಟಿನ ವಾಸನೆ ತೇಲಿ ಬಂತು. ಟಿಲ್ಲಿಯ ಮೈ ಸಣ್ಣಗೆ ನಡುಗುವುದು ಹಿಡಿಕೆಯಲ್ಲಿ ಕೈಗೆ ತಿಳಿಯುತ್ತಿತ್ತು. ಭಯದ ನಡುಕವಲ್ಲ. ಊರಿಗೆ ಹೋದ ಅಮ್ಮ ಬಸ್ಸಿಳಿದಾಗ ಮಗು ನಡುಗುತ್ತದಲ್ಲ, ಅಂಥದ್ದು.

ಅಂಗಡಿಗೆ ಬಂದವಳೇ ಓಟಿಸನಿಗೆ ಹೇಳಿದಳು. "ನಾಳೆ ನಾನು ಬರೋ ಹೊತ್ತಿಗೆ ನೀನು ಸ್ವಲ್ಪ ಹೊರಗೆ ನಿಂತು ನೋಡು. ನನ್ನ ಹಿಂದೆ ಯಾರು ಬರ್ತಾರೆ ಅಂತ ನಂಗೆ ತಿಳೀಬೇಕು."

"ಅಯ್ಯೋ, ಅದೇನು ದೊಡ್ಡದು" ಎಂದ ಓಟಿಸ್. ಆದರೆ ದನಿ ಎಂದಿನ ದಪ್ಪ ದನಿಯಾಗಿರಲಿಲ್ಲ. "ರಸ್ತೆ ಅಂದ್ಮೇಲೆ ಹಿಂದೆ ಮುಂದೆ ಜನ ಬರ್ತಾರಪ್ಪ. ನೀನು ಸುಮ್ನೆ ತಲೆ ಕೆಡಿಸ್ಕೋಬೇಡ." ಹಾಗೆಂದವನು ತಮಾಷೆಯನ್ನೂ ಹೇಳದೆ, ಕಾಫಿಯನ್ನೂ ಅರ್ಧಕ್ಕೆ ಬಿಟ್ಟು ಬಾಗಿಲಿಗೆ ಹೋದ.

ಬುಧವಾರ ಮತ್ತೆ ಅದೇ ಪುದೀನ, ಅದೇ ಬೂಟು. ಇಡೀ ದಿನ ಸ್ಯಾಂಡ್‌ವಿಚ್ಚಿಗೆ ಸಾಸಿವೆ ಸವರುತ್ತಾ ಅರ್ಲೀನ್ ಅದನ್ನೇ ಲೆಕ್ಕ ಹಾಕಿದಳು. ಆ ಮನುಷ್ಯನ ಹತ್ತಿರ ತಿಂಡಿ ಇದೆಯೇ? ತಿಂಡಿಯಾದರೆ ಟಿಲ್ಲಿ ನಾಲಿಗೆ ಚಪ್ಪರಿಸುತ್ತಾಳೆ, ಬಾಲ ಅಲ್ಲಾಡಿಸುವುದಿಲ್ಲ. ಬೇರೆ ನಾಯಿಯ ವಾಸನೆಯೇ? ಅದಾದರೆ ಮೂಗು ನೆಲಕ್ಕೆ ಹೋಗುತ್ತದೆ. ಇನ್ನು ಈ ಕುಂಯ್ ಎನ್ನುವ ಸಣ್ಣ ಸದ್ದು. ಅದನ್ನು ಮೊದಲೆಲ್ಲೋ ಕೇಳಿದ್ದೇನೆ.

ಚಾಕು ಕೈಯಲ್ಲೇ ನಿಂತಿತು. ಕೇಳಿದ್ದು ದಾರಿ ತೋರುವ ನಾಯಿಗಳನ್ನು ಪಳಗಿಸುವ ಶಾಲೆಯಲ್ಲಿ. ಐದು ವರ್ಷದ ಹಿಂದೆ, ನಾಯಿಯನ್ನು ಅವಳ ಕೈಗೆ ಕೊಟ್ಟ ಮೊದಲ ವಾರ. ಆಗ ಟಿಲ್ಲಿ ಇವಳ ಪಕ್ಕದಲ್ಲಿ ಮಲಗುತ್ತಲೇ ಇರಲಿಲ್ಲ. ಕೋಣೆಯ ಬಾಗಿಲಿಗೆ ಮೂಗು ಒತ್ತಿಕೊಂಡು ಕೂತು, ತನ್ನನ್ನು ಪಳಗಿಸಿದವನಿಗಾಗಿ ಹೀಗೇ ಅಳುತ್ತಿದ್ದಳು. ಆ ಪಳಗಿಸಿದವನ ಹೆಸರು ಗ್ಲೆನ್. ಪಾಠ ಹೇಳುವಾಗೆಲ್ಲ ಅವನ ಬಾಯಲ್ಲಿ ಪುದೀನ ಪೆಪ್ಪರಮಿಂಟು ಇರುತ್ತಿತ್ತು.

ಪ್ರಣಯದ ಕಥೆ ಅಲ್ಲಿಗೆ ಮುಗಿಯಿತು. ಅರ್ಲೀನಳಿಗೆ ಒಂದು ಗಳಿಗೆ ನಗು ಬಂತು, ಮರುಗಳಿಗೆಗೆ ಚಾಕು ಕೆಳಗಿಟ್ಟಳು. ಗ್ಲೆನ್ ಶಾಲೆಯ ಮನುಷ್ಯ. ಶಾಲೆಯ ಮನುಷ್ಯ ಮುನ್ನೂರು ಮೈಲಿ ದೂರದಿಂದ ಬಂದು, ಬಂದೆ ಎಂದು ಹೇಳದೆ, ಮೂರು ದಿನದಿಂದ ಬೆನ್ನ ಹಿಂದೆ ನಡೆಯುತ್ತಿದ್ದಾನೆ ಎಂದರೆ ಅದರ ಅರ್ಥ ಒಂದೇ.

ಟಿಲ್ಲಿ ಅರ್ಲೀನಳ ನಾಯಿಯಲ್ಲ. ತಿಂಡಿ ಹಾಕುವವಳು ಅರ್ಲೀನ್, ನಾಯಿ ಡಾಕ್ಟರ ಬಿಲ್ಲು ಕಟ್ಟುವವಳು ಅರ್ಲೀನ್, ಸುರಿಯುವ ಹಿಮದಲ್ಲಿ ಹೊರಗೆ ಕರೆದೊಯ್ದು ಕಕ್ಕ ಎತ್ತುವವಳೂ ಅರ್ಲೀನ್. ಆದರೆ ನಾಯಿ ಶಾಲೆಯದು. ಕೊಡುವಾಗಲೇ ಸಹಿ ಹಾಕಿಸಿಕೊಂಡಿದ್ದರು: ಇವಳದು ಬಳಸುವ ಹಕ್ಕು ಮಾತ್ರ, ಸರಿಯಿಲ್ಲ ಎಂದು ಶಾಲೆಗೆ ಅನಿಸಿದ ದಿನ ವಾಪಸು. ಕಣ್ಣಿರುವವನು ಸಂತೆಗೆ ಹೋಗಿ ನಾಯಿಮರಿ ತಂದು ಹಿತ್ತಲಲ್ಲಿ ಹಗ್ಗ ಬಿಗಿದು ಮರೆತರೂ ಅದು ಅವನದೇ ನಾಯಿ, ಕೇಳುವವರಿಲ್ಲ. ಕಣ್ಣಿಲ್ಲದವಳು ಮಗುವಿನಂತೆ ಸಾಕಿದರೂ ಅದು ಎರವಲು. ಇದಕ್ಕೆ ಶಾಲೆಯವರು ಇಟ್ಟ ಹೆಸರು ಕಾಳಜಿ! ಪಕ್ಕದ ಕೌಂಟಿಯ, ಇವಳಂತೆಯೇ ಕಣ್ಣಿಲ್ಲದ ರೇ ಡಾಬ್ಸನ ನಾಯಿಯನ್ನು ಹೀಗೇ ಎರಡು ದಿನ ಕದ್ದು ನೋಡಿ, ಮೂರನೆಯ ದಿನ ವ್ಯಾನು ತಂದು ಹತ್ತಿಸಿಕೊಂಡು ಹೋಗಿದ್ದರು. ಇನ್ನೊಮ್ಮೆ ತರಬೇತಿ ಕೊಟ್ಟು ಕಳಿಸುತ್ತೇವೆ ಎಂದಿದ್ದರು. ಕಳಿಸಲಿಲ್ಲ. ರೇ ಈಗ ಮನೆಯಿಂದ ಹೊರಗೇ ಬರುವುದಿಲ್ಲ.

ಆ ಸಂಜೆ ಅರ್ಲೀನ್ ಟಿಲ್ಲಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಅವಳ ಕಿವಿ, ಕುತ್ತಿಗೆ, ಪಕ್ಕೆಲುಬು ಎಲ್ಲ ಸವರಿ ನೋಡಿದಳು. ಎಲ್ಲವೂ ಸರಿಯಾಗಿತ್ತು. ಮತ್ತೆ ಯಾಕೆ ಬಂದರು? ಭಯಕ್ಕಿಂತ ಆ ಪ್ರಶ್ನೆಯೇ ಅವಳನ್ನು ಹೆಚ್ಚು ಕೊರೆಯಿತು.

ಗುರುವಾರ ಚರ್ಚಿನ ಗೋಡೆ ಮುಗಿಯುವಲ್ಲಿ ಬಾಲ ಬಡಿದದ್ದೇ ತಡ, ಅರ್ಲೀನ್ ನಿಂತಳು. ತಿರುಗಲೂ ಇಲ್ಲ.

"ಗ್ಲೆನ್, ಕಾಫಿ ಕುಡೀತೀಯೇನಪ್ಪಾ? ಇಲ್ಲ ಹೀಗೇ ಹಿಂದೆ ಹಿಂದೆ ಸುತ್ಕೊಂಡೇ ಇರ್ತೀಯಾ?"

ರಬ್ಬರ್ ಬೂಟು ನಿಂತಿತು.

"ಹೇಗೆ... ನಿಮಗೆ ಹೇಗೆ ಗೊತ್ತಾಯ್ತು?"

"ನಿನ್ನ ವಿದ್ಯಾರ್ಥಿನಿ ಹೇಳಿದ್ಲು. ಗುರುಗಳನ್ನ ಕಂಡ್ರೆ ಅವಳಿಗೆ ಇನ್ನೂ ಭಕ್ತಿ. ನಡಿ, ಬಾಗಿಲು ತೆಗೆಯೋ ಹೊತ್ತಾಯ್ತು."

ಗ್ಲೆನ್ ಮೂವತ್ತೈದರ ಆಸುಪಾಸಿನವನು. ಅವಳ ಅಂಗಡಿಯ ಮುಂದಿನ ಎತ್ತರದ ಕುರ್ಚಿಯಲ್ಲಿ ಕದ್ದು ಸಿಕ್ಕಿಬಿದ್ದ ಹುಡುಗನಂತೆ ಕೂತ. ಟಿಲ್ಲಿ ಕಟ್ಟೆಯ ಒಳಗಿನ ತನ್ನ ಚಾಪೆಯ ಮೇಲೆ ಮಲಗಿ, ಮೂಗನ್ನು ಮಾತ್ರ ಅವನಿದ್ದ ಕಡೆ ಚಾಚಿಕೊಂಡಳು. ಅರ್ಲೀನ್ ಕಾಫಿ ಸುರಿದು, ಲೋಟವನ್ನು ಅವನ ಕಡೆ ತಳ್ಳಿದಳು.

"ಹೇಳು. ಏನು ತಪ್ಪಾಗಿದೆ?"

"ಒಂದು ದೂರು ಬಂತು. ನಾಯಿ ನಿಮ್ಮನ್ನ ಬೀಳಿಸ್ತು ಅಂತ. ಹೋದ ತಿಂಗಳು, ಈ ಕೋರ್ಟಿನ ಎದುರು ತಿರುವಲ್ಲಿ. ಎಳೆದು ಕೆಡವಿತು, ಇನ್ನೊಂದ್ಸಲ ಹಾಗಾದ್ರೆ ಜೀವ ಹೋಗುತ್ತೆ, ಬೇರೆ ನಾಯಿ ಕೊಡಿ ಅಂತ ಫೋನ್ ಮಾಡಿದ್ರು."

ಅರ್ಲೀನ್ ಬಿದ್ದದ್ದು ನಿಜ. ಎದುರಿನ ಕಾರುಗಳು ನಿಂತ ಸದ್ದು ಕೇಳಿ ಅವಳೇ ಟಿಲ್ಲಿಗೆ ಮುಂದೆ ನಡಿ ಎಂದಿದ್ದಳು. ಅಷ್ಟರಲ್ಲಿ ಲಾಂಡ್ರಿಯವರ ವ್ಯಾನು ನಿಲ್ಲದೆ ತಿರುಗಿತ್ತು. ಟಿಲ್ಲಿ ಅಡ್ಡ ಬಂದು ಮೈಯೆಲ್ಲ ಹಾಕಿ ಅವಳನ್ನು ಹಿಂದಕ್ಕೆ ನೂಕಿದ್ದಳು. ಅರ್ಲೀನ್ ಫುಟ್‌ಪಾತಿನ ಮೇಲೆ ಕುಕ್ಕರಿಸಿ ಬಿದ್ದಿದ್ದಳು, ವ್ಯಾನಿನ ಗಾಳಿ ಅವಳ ಸ್ಕರ್ಟಿನ ಅಂಚನ್ನು ಹಾರಿಸಿ ಹೋಗಿತ್ತು. ಸೊಂಟ ವಾರವಿಡೀ ನೊಂದಿತ್ತು. ಅವಳು ಯಾರಿಗೂ ಹೇಳಲಿಲ್ಲ. ಬಿದ್ದೆ ಎಂದರೆ ಸಾಕು, ಊರೆಲ್ಲ ಸೇರಿ ಒಬ್ಬಳೇ ಓಡಾಡಬೇಡ, ನಾವು ಕರೆದುಕೊಂಡು ಹೋಗುತ್ತೇವೆ ಎಂದು ಶುರುಮಾಡುತ್ತದೆ.

"ನೂಕಿದ್ದು ಕಣೋ, ಎಳೆದದ್ದಲ್ಲ" ಎಂದು ಎಲ್ಲವನ್ನೂ ಹೇಳಿದಳು. "ಇವತ್ತು ನಾನು ನಿಂಗೆ ಕಾಫಿ ಕೊಡೋಕೆ ಉಳ್ಕೊಂಡಿರೋದೇ ಅವಳು ಕೆಡವಿದ್ದಕ್ಕೆ. ಫೋನ್ ಮಾಡಿದ್ದು ಯಾರು?"

"ಅದನ್ನ ಹೇಳೋ ಹಾಗಿಲ್ಲ."

ಬಾಗಿಲ ಕಡೆಯಿಂದ ಕೇಳಿಬರುತ್ತಿದ್ದ ಬೀಗದಕೈಗಳ ಸದ್ದು ಆಗಲೇ ನಿಂತುಹೋಗಿತ್ತು. ಅರ್ಲೀನಳ ಮುಖ ಆ ಕಡೆ ತಿರುಗಿತು.

"ಓಟಿಸ್?"

ಅವನು ನಿಧಾನವಾಗಿ ಹತ್ತಿರ ಬಂದ. "ನಾನು ಬಾಗಿಲಲ್ಲೇ ನಿಂತಿದ್ದೆ ಕಣೇ. ನೀನು ಬಿದ್ದದ್ದು ನೋಡ್ದೆ. ವ್ಯಾನು ಆ ಮರದ ಮರೇಲಿತ್ತು, ನಂಗೆ ಕಾಣ್ಲಿಲ್ಲ. ಓಡಿ ಬರೋಣ ಅಂತಿದ್ದೆ. ಅಷ್ಟ್ರಲ್ಲಿ ನೀನೇ ಎದ್ದು ಮಣ್ಣು ಕೊಡವ್ಕೊಂಡು ಏನೂ ಆಗದೋರ ಥರ ಬಂದೆ. ಕೇಳಿದ್ರೆ ನಿಂಗೆ ಮುಜುಗರ ಆಗುತ್ತೆ ಅಂತ ಸುಮ್ನಾದೆ."

"ನನ್ನ ಕೇಳೋಕೆ ಮುಜುಗರ, ಮುನ್ನೂರು ಮೈಲಿ ಆಚೆ ಇರೋರಿಗೆ ಫೋನ್ ಮಾಡೋಕೆ ಮುಜುಗರ ಆಗ್ಲಿಲ್ಲ!"

"ನಿನ್ನ ಒಳ್ಳೇದಕ್ಕೇ ಮಾಡ್ದೆ. ಗಟ್ಟಿ ನಾಯಿ ಕೊಡ್ತಾರೆ ಅಂದ್ಕೊಂಡೆ. ಇವಳನ್ನ ಕಿತ್ಕೊಳ್ತಾರೆ ಅಂತ ನಂಗೆ ಖಂಡಿತ ಗೊತ್ತಿರ್ಲಿಲ್ಲ."

"ಹನ್ನೊಂದು ವರ್ಷ ಕಾಫಿ ಕುಡಿದಿದೀಯ ನನ್ನ ಕೈಲಿ" ಎಂದಳು ಅರ್ಲೀನ್. "ಹೋಗು, ಬಾಗಿಲು ನೋಡ್ಕೊ."

ಓಟಿಸ್ ಹೋಗಲಿಲ್ಲ. ಗ್ಲೆನ್ ಲೋಟವನ್ನು ತಿರುಗಿಸುತ್ತಾ ಕೂತಿದ್ದ.

"ಸರಿ, ಈಗ ವಿಷಯ ಗೊತ್ತಾಯ್ತಲ್ಲ" ಎಂದಳು ಅವನಿಗೆ. "ಹೋಗಿ ನಿಮ್ಮ ಶಾಲೇಲಿ ಹೇಳು. ನಾಯಿ ಚೆನ್ನಾಗಿದೆ ಅಂತ."

"ಹೇಳಿಬಿಟ್ಟಿದೀನಿ, ಬೆಳಿಗ್ಗೆಯೇ ಫೋನಲ್ಲಿ. ರಸ್ತೆ ದಾಟೋದು, ಮೆಟ್ಲು, ಜನದ ನಡುವೆ ಹೋಗೋದು, ಎಲ್ಲಾ ಒಂದಕ್ಕಿಂತ ಒಂದು ಚೆಂದ ಅಂದೆ. ಆದ್ರೆ..." ಅವನು ತಡೆದ. "ಕೆಲಸದ ನಡುವೆ ಗಮನ ಚದುರುತ್ತೆ, ಬಾಲ ಅಲ್ಲಾಡಿಸ್ತಾಳೆ, ಹಿಂದೆ ತಿರುಗ್ತಾಳೆ ಅಂತಾನೂ ಹೇಳ್ಬೇಕಾಯ್ತು. ಮೂರು ದಿನಾನೂ ನೋಡಿದೀನಿ. ಕರ್ಕೊಂಡು ಬಾ ಅಂದ್ರು ನಮ್ಮ ಶಾಲೆ ಮುಖ್ಯಸ್ಥರು, ಸ್ಟ್ರಾಟನ್ ಸಾಹೇಬ್ರು. ಶಾಲೆ ವ್ಯಾನು ಹಿಂದಿನ ಬೀದೀಲಿದೆ."

ಅರ್ಲೀನಳ ಕೈ ತಾನಾಗಿಯೇ ಕೆಳಗೆ ಹೋಗಿ ಟಿಲ್ಲಿಯ ಕತ್ತಿನ ಪಟ್ಟಿಯನ್ನು ಹಿಡಿಯಿತು. ಹಜಾರದಲ್ಲಿ ಯಾರೋ ವಕೀಲ ಜೋರಾಗಿ ನಗುತ್ತಿದ್ದ.

"ಗಮನ ಚದುರಿದ್ದು ಯಾರಿಂದ ಗ್ಲೆನ್?"

ಅವನು ಲೋಟವನ್ನು ಕೆಳಗಿಟ್ಟ.

"ಐದು ವರ್ಷದಲ್ಲಿ ಒಂದು ದಿನ ಇವಳು ಕೆಲಸದಲ್ಲಿ ಬಾಲ ಅಲ್ಲಾಡಿಸಿದವಳಲ್ಲ. ಪಳಗಿಸಿದವನನ್ನೇ ಬೆನ್ನ ಹಿಂದೆ ಬಿಟ್ಟು, ನಾಯಿ ತಿರುಗಿ ನೋಡ್ತು ಅಂತ ತಪ್ಪು ಹೊರಿಸ್ತೀರಲ್ಲ, ನಿಮ್ಮ ಸಾಹೇಬ್ರಿಗೆ ಅಷ್ಟೂ ಹೊಳೀಲಿಲ್ವಾ?"

"ರಸ್ತೆ ಆಚೆ ಕಡೆಯಿಂದ ನೋಡ್ಬೇಕು ಅಂತ ನಿಯಮ" ಎಂದ ಗ್ಲೆನ್ ಮೆಲ್ಲಗೆ. "ಆ ದೂರದಲ್ಲಿ ವಾಸನೆ ತಾಗಲ್ಲ. ನಾನೇ ಹತ್ರ ಬಂದೆ."

"ಯಾಕೆ?"

ಅವನು ಬಾಯಲ್ಲಿದ್ದ ಪೆಪ್ಪರಮಿಂಟನ್ನು ಕಟಕ್ಕನೆ ಕಡಿದ. "ವರ್ಷಕ್ಕೆ ಹನ್ನೆರಡು ನಾಯಿ ಪಳಗಿಸ್ತೀನಿ. ಹನ್ನೆರಡನ್ನೂ ಕೊಟ್ಬಿಡ್ತೀನಿ. ಹೋದ್ಮೇಲೆ ಯಾವುದನ್ನೂ ನೋಡೋ ಹಾಗಿಲ್ಲ, ಅವು ಮರೀಬೇಕು ಅಂತ. ಬೇರೆಯವು ಹೋದದ್ದು ತಡ್ಕೊಂಡೆ. ಇವಳು ಸ್ವಲ್ಪ... ಒಂದೇ ಒಂದ್ಸಲ, ನನ್ನ ಗುರುತು ಇದೆಯಾ ನೋಡೋಣ ಅಂತ ಹತ್ರ ಬಂದೆ ಸೋಮವಾರ. ಬಾಲ ಅಲ್ಲಾಡಿಸಿದ್ಲು. ಆಮೇಲೆ ದೂರ ನಿಲ್ಲೋಕೆ ಆಗ್ಲಿಲ್ಲ."

ಅರ್ಲೀನಳಿಗೆ ಅವನನ್ನು ಬೈಯಬೇಕೆನಿಸಿತು, ಅಳಬೇಕೂ ಎನಿಸಿತು. ಎರಡನ್ನೂ ಮಾಡಲಿಲ್ಲ. "ಆ ಕಂಬದ ಪಕ್ಕ ಕಾಸು ಹಾಕೋ ಫೋನಿದೆ" ಎಂದಳು. "ಈಗ ನಂಗೆ ಹೇಳಿದ್ದನ್ನೇ ಅವರಿಗೂ ಹೇಳು."

"ಕೆಲಸ ಹೋಗುತ್ತೆ."

"ನಂದು ಕಣ್ಣು ಹೋಗುತ್ತೆ. ಎರಡನೇ ಸಲ."

ಗ್ಲೆನ್ ಎದ್ದ. ಓಟಿಸ್ ಜೇಬು ತಡಕಾಡಿ ಚಿಲ್ಲರೆ ತೆಗೆದು ಅವನ ಕೈಗೆ ಹಾಕಿದ್ದು ಕೇಳಿಸಿತು. ಅರ್ಲೀನ್ ಟಿಲ್ಲಿಯ ಜೊತೆ ಕಂಬದ ತನಕ ಹೋಗಿ ನಿಂತಳು, ಒಂದು ಮಾತೂ ತಪ್ಪಿಹೋಗಬಾರದು ಎಂದು. ಗ್ಲೆನ್ ಎಲ್ಲವನ್ನೂ ಹೇಳಿದ. ಲಾಂಡ್ರಿ ವ್ಯಾನಿನ ಸಂಗತಿ ಚೆನ್ನಾಗಿ ಹೇಳಿದ, ತನ್ನ ಸಂಗತಿ ತಡವರಿಸಿ ಹೇಳಿದ. ಆಮೇಲೆ ಬಹಳ ಹೊತ್ತು ಹೂಂ ಹೂಂ ಎಂದ. ಅರ್ಲೀನ್ ಕೈ ಚಾಚಿದಳು. ಅವನು ಫೋನು ಕೊಟ್ಟ.

"ನೋಡಮ್ಮಾ ಅರ್ಲೀನ್" ಎಂದಿತು ಆ ಕಡೆಯಿಂದ ಸ್ಟ್ರಾಟನ್ ಸಾಹೇಬರ ಬೆಣ್ಣೆಯಂಥ ದನಿ. "ನೀನು ಗಾಬರಿಯಾಗೋದು ಬೇಡ. ನಿನ್ನ ಸುರಕ್ಷತೆಗೋಸ್ಕರಾನೇ ನಾವು ಇಷ್ಟೆಲ್ಲ ಮಾಡೋದು. ಕೆಲವು ದಿನ ಅಷ್ಟೆ, ನಾವು ನೋಡಿ ತೀರ್ಮಾನ ಮಾಡಿ..."

"ನಾನು ನಿಮಗೆ ಅಮ್ಮನೂ ಅಲ್ಲ ಮಗಳೂ ಅಲ್ಲ ಸರ್. ಮಿಸ್ ಪ್ರೂಯಿಟ್ ಅಂತ ನನ್ನ ಹೆಸರು. ತಿರುವಲ್ಲಿ ಬಿದ್ದದ್ದು ನಾನು. ಓಟಿಸನ್ನ ಕೇಳಿದ್ರಿ, ಗ್ಲೆನ್‌ನ ಕೇಳಿದ್ರಿ, ಬಾಲಾನೂ ಕೇಳಿದ್ರಿ. ನನ್ನ ಒಬ್ಬಳನ್ನ ಬಿಟ್ಟು. ಈಗ್ಲಾದ್ರೂ ಕೇಳ್ತೀರಾ, ನಾನೇ ಹೇಳ್ಲಾ?"

"ನಾಯಿ ಶಾಲೆಯದಮ್ಮಾ. ನೀನು ಸಹಿ ಹಾಕಿದೀಯ."

"ಹಾಕಿದೀನಿ. ಹಾಕದೇ ಇದ್ರೆ ನೀವು ಕೊಡ್ತಿರ್ಲಿಲ್ಲ. ಗ್ಲೆನ್ ಇಲ್ಲೇ ಇದಾನೆ, ಬೇಕಾದ್ರೆ ಅವನಿಗೆ ಹೇಳಿ, ನನ್ನ ಕೈಯಿಂದ ಬಿಡಿಸ್ಕೊಳ್ಳಲಿ."

ಫೋನನ್ನು ಗ್ಲೆನ್ ಕಿವಿಗೆ ಹಿಡಿದಳು. ಬಿಡಿಸಿಕೊಳ್ಳುತ್ತಾನೆಯೋ ಇಲ್ಲವೋ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ನನ್ನ ಕೈಲಿ ಆಗಲ್ಲ ಸರ್" ಎಂದ ಗ್ಲೆನ್. "ಇಂಥ ಜೋಡೀನ ನಾನು ಈ ಕೆಲಸಕ್ಕೆ ಸೇರಿದಾಗಿಂದ ನೋಡಿಲ್ಲ. ತಪ್ಪು ನಂದು. ವ್ಯಾನು ಖಾಲಿಯಾಗೇ ಬರುತ್ತೆ."

ಆ ಕಡೆಯಿಂದ ಒಂದಿಷ್ಟು ಮಾತು ಬಂತು, ಬೆಣ್ಣೆಯೆಲ್ಲ ಕರಗಿದ ಮಾತು. ಆಮೇಲೆ ಟಕ್ಕೆಂದು ಫೋನು ಇಟ್ಟ ಸದ್ದು.

"ಮುಂದಿನ ವರ್ಷದ ತಪಾಸಣೆ ತನಕ ಇರ್ಲಿ ಅಂದ್ರು" ಎಂದ ಗ್ಲೆನ್. "ನನ್ನ ವಿಚಾರ ಸೋಮವಾರ ನೋಡ್ತಾರಂತೆ."

"ಇರ್ಲಿ ಅಂದ್ರಾ? ಅವರು ಇರ್ಲಿ ಅನ್ನೋದೇ ನನ್ನ ತಕರಾರು. ಒಂದು ದಿನ ಆ ಹಕ್ಕನ್ನೂ ಅವರ ಕೈಯಿಂದ ಬಿಡಿಸ್ಕೊಳ್ತೀನಿ" ಎಂದಳು ಅರ್ಲೀನ್. ಹಾಗೆಂದವಳು ಕಂಬಕ್ಕೆ ಒರಗಿದಳು. ಓಟಿಸ್ ಕುರ್ಚಿ ಎಳೆದು ತಂದು, ಅವಳ ತೋಳಿಗೆ ಕೈಹಾಕಲು ಹೋಗಿ, ತಡೆದು, "ಇಲ್ಲಿ ಕುರ್ಚಿ ಇದೆ. ಬೇಕಾ?" ಎಂದ.

"ಬೇಕು" ಎಂದಳು. ಅವನ ಮೇಲಿನ ಸಿಟ್ಟು ಇನ್ನೂ ಹೋಗಿರಲಿಲ್ಲ. ನಾಳೆಯ ಕಾಫಿಯೂ ಅವನಿಗೆ ಸುಲಭವಾಗಿ ಸಿಗುವಂತಿರಲಿಲ್ಲ. ಆದರೂ ಕೂತಳು.

ಗ್ಲೆನ್ ಹೊರಡಲು ಎದ್ದವನು ಹೊರಡದೆ ನಿಂತಿದ್ದ.

"ಮಿಸ್ ಪ್ರೂಯಿಟ್, ನಾನು ಇವಳನ್ನ ಒಂದ್ಸಲ ಮುಟ್ಟಬಹುದಾ?"

ಐದು ವರ್ಷದಲ್ಲಿ ಟಿಲ್ಲಿಯ ವಿಷಯಕ್ಕೆ ಆ ಶಾಲೆಯವರು ಯಾರೂ ಅವಳನ್ನು ಕೇಳಿ ಏನನ್ನೂ ಮಾಡಿರಲಿಲ್ಲ. ಅರ್ಲೀನಳಿಗೆ ಆ ಪ್ರಶ್ನೆ ಕಿವಿಯಲ್ಲಿ ಇನ್ನಷ್ಟು ಹೊತ್ತು ಇರಲಿ ಎನಿಸಿತು. ಆಮೇಲೆ ಬಗ್ಗಿ ಮೈಪಟ್ಟಿಯ ಬಕಲು ಬಿಚ್ಚಿ, ಅದನ್ನು ಟಿಲ್ಲಿಯ ಬೆನ್ನಿನಿಂದ ಎತ್ತಿಕೊಂಡಳು.

"ಎಷ್ಟು ಹೊತ್ತು ಬೇಕೋ ತಗೋ."

ಟಿಲ್ಲಿಯ ಉಗುರುಗಳು ನೆಲದ ಮೇಲೆ ಜಾರಿದವು, ಗ್ಲೆನ್ ಮಂಡಿಯೂರಿದ, ಏನೋ ಹೇಳತೊಡಗಿದ. ಅರ್ಲೀನ್ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಯೊಳಗಿನ ತೊಟ್ಟಿಯ ಹತ್ತಿರ ಹೋಗಿ ನಿಂತಳು, ಅವರಿಬ್ಬರಿಗೂ ಬೆನ್ನು ಹಾಕಿ. ಅವನು ನಾಯಿಗೆ ಹೇಳುವುದು ತನಗೆ ಕೇಳಿಸಬಾರದೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿದಳು.